ನಿಮ್ಮ ಕೈಯಾಗಿಂದ ಒಂದ ತಂಬಿಗಿ ನೀರ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಮೂವತ್ತು ವರ್ಷಕ್ಕೂ ಮೇಲೆ ಇಂಜೆಕ್ಷನ್ನಿನ ಗಾಜಿನ ಬುಡ್ಡಿಗಳ ಕುತ್ತಿಗೆಯನ್ನು ಆ ಬೆರಳಿನಿಂದಲೇ ಮುರಿದು ಮುರಿದು, ಒಮ್ಮೆ ಸೀಳಿದ ಉಗುರು ಮತ್ತೆ ಕೂಡಿಕೊಳ್ಳಲೇ ಇಲ್ಲವಂತೆ. ಬಸ್ಸಿಗೆ ಕಾಯುವಾಗ, ಯಾರಾದರೂ ಸುತ್ತಿ ಬಳಸಿ ಮಾತಾಡುವಾಗ, ತೋರುಬೆರಳಿನ ತುದಿಯಿಂದ ಆ ಸೀಳನ್ನು ಟಕ್ ಟಕ್ ಎಂದು ಮೀಟುತ್ತಿದ್ದರು. ಅಂಥ ಸದ್ದು ಎಲ್ಲಾದರೂ ಕೇಳಿದರೆ ಈಗಲೂ ಚೀಲ ಹೆಗಲಿಗೇರಿಸಿ ಎದ್ದು ನಿಲ್ಲಬೇಕು ಅನಿಸುತ್ತದೆ ನನಗೆ.

ಊರವರಿಗೆ ಅವರು ನರ್ಸಬಾಯಿ, ನನಗೆ ಸಿಸ್ಟರ್. ಮುದುಕರು ತಮ್ಮ ದಿನದ ಕೆಲಸವನ್ನು ತಾವೇ ಎಷ್ಟು ಮಾಡಿಕೊಳ್ಳುತ್ತಾರೆ ಎಂದು ನೋಡುವುದನ್ನು ನನಗೆ ಕಲಿಸಿದವರು ಅವರು. ಮುಂದೆ ಒಂದು ದಿನ, ಇದೇ ಸಿಸ್ಟರ್ ತಮ್ಮ ಮನೆಯಲ್ಲಿ ಒಬ್ಬರೇ ಇರಬಹುದೋ ಇಲ್ಲವೋ ಎಂದು ನೋಡಿ ಬರೆಯುವ ಕೆಲಸ ನನ್ನ ಪಾಲಿಗೇ ಬಂತು. ಬರೆದೆ. ಬರೆದಾಗಿನಿಂದ ಒಂದು ಕಡೆ ಕೂತು ಊಟ ಮಾಡುವುದೂ ಕಷ್ಟವಾಗಿದೆ. ಇದನ್ನು ಬರೆಯುವಾಗಲೂ ನಾಲ್ಕು ಸಾಲಿಗೊಮ್ಮೆ ಎದ್ದು ಅಡಿಗೆಮನೆಗೆ ಹೋಗಿ ಬರುತ್ತಿದ್ದೇನೆ.

ನಮ್ಮದು ಬೈಲಹೊಂಗಲ. ಅಜ್ಜನ ಕಾಲದವರೆಗೆ ಪೂಜೆ, ಪಂಚಾಂಗ. ಅಪ್ಪ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದವರು. ನಾನು ಫಿಜಿಯೋಥೆರಪಿ ಓದಿದವಳು. ಓದು ಮುಗಿಸಿ ಬಂದಾಗ ಒಂದು ಸಣ್ಣ ಸಂಸ್ಥೆ ನಮ್ಮ ಸುತ್ತಿನ ತಾಲೂಕುಗಳಲ್ಲಿ ವಯಸ್ಸಾದವರ ಮನೆಮನೆಗೆ ಹೋಗುವ ಕೆಲಸ ಶುರುಮಾಡಿತ್ತು. ಕೈಯಲ್ಲಿ ಒಂದು ಫಾರ್ಮು. ಹತ್ತು ಸಾಲು: ಜಳಕ, ಬಟ್ಟೆ ಉಡುವುದು, ಸಂಡಾಸಕ್ಕೆ ಹೋಗುವುದು, ಊಟ, ಹಾಸಿಗೆಯಿಂದ ಏಳುವುದು, ನಡೆಯುವುದು, ಅಡಿಗೆ, ಗುಳಿಗೆ ತಗೊಳ್ಳುವುದು, ಪೇಟೆಗೆ ಹೋಗುವುದು, ಫೋನ್ ಮಾಡುವುದು. ತಾವೇ ಮಾಡಿಕೊಂಡರೆ ಎರಡು ಅಂಕ, ಯಾರಾದರೂ ಹೇಳಿಕೊಟ್ಟರೆ ಇಲ್ಲವೇ ಕೈಹಿಡಿದರೆ ಒಂದು, ಪೂರಾ ಬೇರೆಯವರೇ ಮಾಡಿದರೆ ಸೊನ್ನೆ. ಕೂಡಿಸಿ ನೋಡಿದರೆ ಯಾರಿಗೆ ಕೋಲು, ಯಾರಿಗೆ ಗಾಲಿಕುರ್ಚಿ, ಯಾರ ಮನೆಗೆ ವಾರಕ್ಕೊಮ್ಮೆ ಹೋಗಬೇಕು ಎಂದು ತಿಳಿಯುತ್ತಿತ್ತು. ದಿನಕ್ಕೆ ಹದಿನೈದು ಮನೆ ಮುಗಿಸಿಬಿಡುತ್ತೇನೆ ಎಂಬ ಹುಮ್ಮಸ್ಸು ನನಗೆ. ಮೊದಲ ವಾರ ಮುಗಿಸಿಯೂ ಮುಗಿಸಿದೆ.

ಸಂಗೊಳ್ಳಿಯ ಒಂದು ಮನೆಯಲ್ಲಿ ಸೊಸೆ ಬಾಗಿಲಲ್ಲೇ ನಿಂತು ಎಲ್ಲದಕ್ಕೂ ಉತ್ತರ ಕೊಟ್ಟಳು. ಮಾವನವರ ಜಳಕ? "ನಾವ ಮಾಡಸ್ತೀವ್ರಿ." ಊಟ? "ನಾವ ಕೊಡ್ತೀವ್ರಿ." ನಡೆಯುವುದು? "ಅವರ್ನ ಎಲ್ಲಿ ನಡ್ಯಾಕ ಬಿಡ್ತೀವ್ರಿ, ಎಲ್ಲಾ ಕುಂತಲ್ಲೇ." ನಾನು ಒಂದರ ಕೆಳಗೊಂದು ಸೊನ್ನೆ ಬರೆದುಕೊಂಡು, ಅಯ್ಯೋ ಪಾಪ ಎಂದು ಮರುಗಿ, ಮೂರೇ ದಿನದಲ್ಲಿ ಗಾಲಿಕುರ್ಚಿ ಮಂಜೂರು ಮಾಡಿಸಿದೆ. ಅದನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಹೋದ ದಿನವೇ ಸಿಸ್ಟರ್ ನನ್ನ ಜೊತೆ ಬಂದದ್ದು. ಸರಕಾರಿ ಕೆಲಸದಿಂದ ನಿವೃತ್ತರಾಗಿದ್ದ ಅವರನ್ನು, ಓಣಿ ಓಣಿಯ ಗುರುತಿದೆ ಎಂದು, ಸಂಸ್ಥೆ ಕೆಲಸಕ್ಕೆ ಕರೆತಂದಿತ್ತು.

ಮಾವನವರು ಮನೆಯಲ್ಲಿರಲಿಲ್ಲ. ಹಿತ್ತಲಿಗೆ ಹೋದರೆ ಬಣವೆಯ ನೆತ್ತಿಯ ಮೇಲೆ ನಿಂತು ಜೋಳದ ಕಣಿಕೆಯ ಸೂಡು ಕೆಳಗೆಸೆಯುತ್ತಿದ್ದರು. ಗಾಲಿಕುರ್ಚಿ ನೋಡಿ ಅಲ್ಲಿಂದಲೇ ಕೂಗಿದರು: "ಯಾರಿಗೆ ಆರಾಮಿಲ್ರಿ?"

ನೆಲ ಬಿರಿದು ನುಂಗಬಾರದೇ ಎಂದು ನಿಂತಿದ್ದೆ. ಸೊಸೆಗೆ ಮಾತ್ರ ನಾಚಿಕೆಯೇ ಇಲ್ಲ. "ಮತ್ತೇನ್ರಿ, ನಮ್ಮ ಮಾವ ಅವರ ಕೆಲಸ ಅವರ ಮಾಡ್ಕೋತಾರ ಅಂತ ಪರ ಊರಾವರ ಮುಂದ ಹೇಳೂದೇನು? ಮನ್ಯಾಗ ಸೊಸಿ ಇದ್ದೇನ, ಸತ್ತೇನ ಅನ್ನೂದಿಲ್ಲೇನ ಮಂದಿ?" ಎಂದಳು. ಸಿಸ್ಟರ್ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆ ಕುರ್ಚಿಯನ್ನು ಮತ್ತೆ ಟಂಟಂಗೆ ಏರಿಸಲು ಕೈಜೋಡಿಸಿದವರು ಆ ಮಾವನವರೇ.

ತಿರುಗಿ ಬರುವಾಗ ಉಗುರು ಮೀಟುತ್ತ ಹೇಳಿದರು: "ನೋಡ ತಂಗಿ, ಸೊಸಿನ್ನ ಕೇಳಿದ್ರ ಮರ್ಯಾದಿ ಹೇಳತಾಳ. ಮುದುಕನ್ನ ಕೇಳಿದ್ರ ಸೊಕ್ಕ ಹೇಳತಾನ. ಯಾರನ್ನೂ ಏನೂ ಕೇಳಬ್ಯಾಡ. ನೀರ ಕೇಳು."

ನನಗೆ ಅರ್ಥವಾಗಲಿಲ್ಲ. ಮರುದಿನ ಎಂ.ಕೆ. ಹುಬ್ಬಳ್ಳಿಯಲ್ಲಿ ಅರ್ಥವಾಯಿತು. ಕಬ್ಬಿನ ಲಾರಿ ಓಡಿಸಿ ಬಿಟ್ಟವರೊಬ್ಬರು, ಮೀಸೆ ತಿರುವಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಹತ್ತು ಪ್ರಶ್ನೆಗೂ ಒಂದೇ ಉತ್ತರ, "ಎಲ್ಲಾ ನಾನ ಮಾಡ್ಕೊಂತೇನಿ, ಯಾರ ಹಂಗಿಲ್ಲ ನಮಗ." ಎರಡರ ಮೇಲೆ ಎರಡು ಬರೆದು ನಾನು ಪೆನ್ನು ಮುಚ್ಚುವಷ್ಟರಲ್ಲಿ ಸಿಸ್ಟರ್, "ಬಿಸಲಾಗ ಬಂದೇವಿ. ಒಂದ ತಂಬಿಗಿ ನೀರ ಕೊಡ್ರಿ" ಎಂದರು. ಅವರು ಒಳಗೆ ಮುಖ ಮಾಡಿ ಮೊಮ್ಮಗಳನ್ನು ಕರೆದರು. "ಆಕಿ ಬ್ಯಾಡ್ರಿ, ನಿಮ್ಮ ಕೈಯಾಗಿಂದ ಕೊಡ್ರಿ. ಹಿರೇರ ಕೈಯಾಗಿನ ನೀರು, ತಣ್ಣಗ ಇರತೈತಿ" ಎಂದರು ಸಿಸ್ಟರ್.

ಇಷ್ಟು ಕೇಳಿದ ಮೇಲೆ ನಮ್ಮ ಕಡೆ ಯಾರೂ ಇಲ್ಲ ಅನ್ನುವುದಿಲ್ಲ. ಅವರು ಏಳಲು ಮೂರು ಸಲ ಪ್ರಯತ್ನಿಸಿದರು. ಬಾಗಿಲ ಚೌಕಟ್ಟು ಹಿಡಿದು ನಿಂತರು. ಹೊಸ್ತಿಲು ದಾಟಲು ಕಾಲಿನಿಂದ ಹೊಸ್ತಿಲನ್ನು ಹುಡುಕಿದರು. ತಂಬಿಗೆ ತುಂಬಿ ಕಟ್ಟೆಯ ಮೇಲೆ ಇಡಲು ಹೋಗಿ ಕಟ್ಟೆಗೆ ನಾಲ್ಕು ಬೆರಳು ಈಚೆಗೆ ಇಟ್ಟರು. ಠಣ್ ಎಂದು ಉರುಳಿತು. ಎರಡನೆಯ ಸಲ ತುಂಬಿ ತಂದದ್ದನ್ನು ಸಿಸ್ಟರ್ ಗಟಗಟ ಕುಡಿದು, ತಣ್ಣಗೈತಿ ಎಂದು ತಂಬಿಗೆ ಹಿಂದಿರುಗಿಸಿದರು. ಹೊರಗೆ ಬಂದ ಮೇಲೆ ಒಂದೊಂದೇ ಬೆರಳು ಮಡಚಿದರು. ತೊಡೆಯಲ್ಲಿ ಬಲವಿಲ್ಲ, ಕಣ್ಣಿನಲ್ಲಿ ಪೊರೆಯಿದೆ, ನಡೆ ಅಂದಾಜಿನದು, ಬುದ್ಧಿ ಮಾತ್ರ ಚುರುಕು. ನನ್ನ ಫಾರ್ಮಿನಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಇತ್ತು. ಹರಿದು ಇನ್ನೊಂದು ತೆಗೆದೆ.

ಹೀಗೆ ಎರಡು ವರ್ಷ. ದಿನಕ್ಕೆ ಹತ್ತು ಮನೆ, ಹತ್ತು ತಂಬಿಗೆ ನೀರು. ಒಂದು ತೊಟ್ಟನ್ನೂ ಅವರು ಬಿಡುತ್ತಿರಲಿಲ್ಲ. ಹಿರಿಯ ಜೀವ ಅಷ್ಟು ಕಷ್ಟಪಟ್ಟು ತಂದದ್ದನ್ನು ಚೆಲ್ಲುವ ಮಾತೇ ಇಲ್ಲ. ಆಮೇಲೆ ಕಿತ್ತೂರಿನ ಬಸ್ ನಿಲ್ದಾಣದಲ್ಲಿ, ಸವದತ್ತಿಯ ಪೇಟೆಯಲ್ಲಿ, ಹೆಂಗಸರಿಗೆ ಹೋಗಲು ಜಾಗ ಎಲ್ಲಿದೆ ಎಂದು ಹುಡುಕುವುದು ನನ್ನ ಕೆಲಸ. "ನಿಮ್ಮ ಪರೀಕ್ಷೆಯೊಳಗ ನಾವ ನಪಾಸ ಆಗ್ತೀವ್ರಿ" ಎಂದು ನಾನು ರೇಗಿದರೆ, "ಹೊಟ್ಟಿ ತಣ್ಣಗ ಆತಿಲ್ಲ, ಸುಮ್ನಿರು" ಎನ್ನುತ್ತಿದ್ದರು. ಕೂರುವುದು ಅವರಿಗೆ ಗೊತ್ತೇ ಇರಲಿಲ್ಲ. ಬಸ್ಸಿನಲ್ಲಿ ಸೀಟಿದ್ದರೂ ನಿಂತು ಬರುವವರು. ನನಗಂತೂ ಹುಟ್ಟಿದಾಗಿನಿಂದ ಕಾಲಿಗೆ ಚಕ್ರ. ನಾವಿಬ್ಬರೂ ಓಣಿಗೆ ಬಂದರೆ ನಾಯಿಗಳೂ ಎದ್ದು ನಿಲ್ಲುತ್ತಿದ್ದವು.

ಅವರ ಮನೆ ಮುನವಳ್ಳಿಯಲ್ಲಿ. ಮದುವೆಯಾಗಿರಲಿಲ್ಲ, ನೌಕರಿಯಲ್ಲಿದ್ದಾಗ ತಾವೇ ಕಟ್ಟಿಸಿದ ಎರಡು ಕೋಣೆ. "ಒಮ್ಮೆ ನಮ್ಮ ಮನಿಗೆ ಬಾರವಾ" ಎಂದು ಎಷ್ಟು ಸಲ ಕರೆದರೋ. ಬಸ್ಸು ಹೋಗುತ್ತದೆ, ಇವತ್ತು ತಡವಾಯಿತು, ಇನ್ನೊಮ್ಮೆ ಬರುತ್ತೇನೆ ಎಂದು ನಾನು. ಅದು ಬರೀ ಅವಸರವಾಗಿತ್ತೇ? ಆಣೆ ಮಾಡಿ ಹೇಳು ಎಂದರೆ ಹೇಳಲಾರೆ.

ಯಾಕೆಂದರೆ ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆದಿತ್ತು. ಪಟ್ಟಿಯಲ್ಲಿ ನನ್ನ ಅಜ್ಜಿಯ ಹೆಸರೂ ಬಂತು. ಸ್ವಂತ ಮನೆಯವರನ್ನು ನಾವೇ ನೋಡುವಂತಿಲ್ಲ, ಹಾಗಾಗಿ ಸಿಸ್ಟರ್ ನೋಡಬೇಕು. ಅಜ್ಜಿ ಮಡಿಯಲ್ಲಿದ್ದಳು. ಸಿಸ್ಟರ್ ಪಡಸಾಲೆಯ ಅಂಚಿನಲ್ಲಿ ನಿಂತು, ಎಲ್ಲ ಮನೆಯಲ್ಲಿ ಹೇಳುವಂತೆಯೇ ಹೇಳಿದರು: "ನಿಮ್ಮ ಕೈಯಾಗಿಂದ ಒಂದ ತಂಬಿಗಿ ನೀರ ಕೊಡ್ರಿ, ಆಯೀ."

ಅಜ್ಜಿ ಅವರನ್ನು ನೋಡಿದಳು. ಹಿಂದೆ ಲಸಿಕೆ ಹಾಕಲು ನಮ್ಮ ಓಣಿಗೆ ಬರುತ್ತಿದ್ದ ನರ್ಸಬಾಯಿ, ಯಾವ ಕೇರಿಯವರು, ಯಾರ ಮಗಳು, ಎಲ್ಲ ಆಕೆಗೆ ಗೊತ್ತು. ಒಳಗೆ ಹೋಗಿ ತಾಮ್ರದ ತಂಬಿಗೆ ತುಂಬಿ ತಂದಳು. ಕೊಡಲಿಲ್ಲ. ಎತ್ತರಕ್ಕೆ ಹಿಡಿದಳು. "ಹಿಡೀರಿ" ಎನ್ನುವ ಮೊದಲೇ ಸಿಸ್ಟರ್ ಬಾಗಿ ಬೊಗಸೆ ಒಡ್ಡಿದ್ದರು. ಹೇಳಿಸಿಕೊಳ್ಳದೆ ಬಾಗಿದರಲ್ಲ, ಆ ಬೆನ್ನು ಇಂದಿಗೂ ನನ್ನ ಕಣ್ಣ ಮುಂದಿದೆ. ಮೇಲಿನಿಂದ ನೀರು ಬಿತ್ತು, ಅವರು ಕುಡಿದರು, ಸೆರಗಿನಿಂದ ಬಾಯಿ ಒರೆಸಿಕೊಂಡರು. ನಾನು ಫಾರ್ಮು ಹಿಡಿದು ಕಂಬದ ಹತ್ತಿರ ನಿಂತಿದ್ದೆ. ನನ್ನ ಬಾಯಿಗೆ ಏನು ಬಡಿದಿತ್ತೋ, ಒಂದು ಮಾತು ಹೊರಡಲಿಲ್ಲ.

ಓಣಿಯ ತಿರುವು ದಾಟಿದ ಮೇಲೆ ಸಿಸ್ಟರ್ ಹೇಳಿದರು: "ತುಂಬಿದ ತಂಬಿಗಿ ಒಂದ ಕೈಯಾಗ ಅಷ್ಟ ಎತ್ತರ ಹಿಡದ ಹೊಯ್ದರು. ಕೈ ನಡುಗಲಿಲ್ಲ, ಒಂದ ಹನಿ ಹೊರಗ ಬೀಳಲಿಲ್ಲ. ಭುಜ ಗಟ್ಟಿ ಐತಿ, ಕಣ್ಣ ಛಲೋ ಅದಾವು. ಪೂರಾ ಮಾರ್ಕ್ಸ ಹಾಕು ನಿಮ್ಮ ಆಯಿಗೆ."

ನಗಬೇಕೋ ಅಳಬೇಕೋ ತಿಳಿಯದೆ ಇಪ್ಪತ್ತು ಬರೆದೆ. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ನಿಂತಿದ್ದವರು ತಾವಾಗಿಯೇ ಮಾತು ತೆಗೆದರು. "ಮೊದಲ ಪೋಸ್ಟಿಂಗಿನ್ಯಾಗಿಂದ ನಾ ನೀರ ಕೇಳಕೋಂತ ಬಂದೇನಿ ತಂಗಿ. ಆವಾಗ ಮುದುಕರನ್ನ ನೋಡಾಕಲ್ಲ, ಮನಿ ನೋಡಾಕ. ಕೂಸಿಗೆ ಸೂಜಿ ಹಾಕಿಸ್ಕೋತಿದ್ರು, ನೀರ ಕೇಳಿದ್ರ ಮುಖ ನೋಡತಿದ್ರು. ಬರಬರತ ಭಾಳ ಮನ್ಯಾಗ ತಂಬಿಗಿ ಕೈಗೆ ಬಂತು. ಇನ್ನೂ ಕೆಲವು ಉಳದಾವು. ಕೇಳೂದ ಬಿಟ್ರ, ಕೊಡೂದು ಅವರಿಗೆ ಎಂದ ರೂಢಿ ಆಕ್ಕೈತಿ?" ಎಂದು ಉಗುರು ಮೀಟಿದರು. ತಪ್ಪಾಯಿತು ಸಿಸ್ಟರ್ ಎನ್ನಲು ನಾಲಿಗೆಯ ತುದಿಗೆ ಬಂದಿತ್ತು. ಕಂಡಕ್ಟರ್ ಬಂದ, ಟಿಕೆಟು ತಗೊಂಡೆ, ಮಾತು ಅಲ್ಲಿಯೇ ಉಳಿಯಿತು.

ಮುಂದೆ ಆ ಸಂಸ್ಥೆಯ ಕೆಲಸ ಮುಗಿಯಿತು. ನಾನು ಬೈಲಹೊಂಗಲದ ಒಂದು ದವಾಖಾನೆ ಸೇರಿದೆ. ಸಿಸ್ಟರ್ ಆಗಾಗ ಫೋನ್ ಮಾಡುವವರು. ಕೂತಲ್ಲೇ ಕೂತು ತಮ್ಮ ಕಾಲು ಜೋಮು ಹಿಡಿದಿದೆ ಎಂದು ಗೊಣಗುವವರು. ಒಂದು ಮಳೆಗಾಲ ಫೋನ್ ಬರಲಿಲ್ಲ. ಬಂದದ್ದು ಅವರ ತಂಗಿಯ ಮಗನದು. ರಾಮದುರ್ಗದಲ್ಲಿ ಹೊಲಿಗೆ ಅಂಗಡಿ ಇಟ್ಟವನು, ಮೆತ್ತಗೆ ಮಾತಾಡುವವನು. "ಮೇಡಮ್ಮರ, ದೊಡ್ಡವ್ವಗ ಬಲಗೈ ಬಲಗಾಲಿಗೆ ಲಕ್ವ ಹೊಡದಿತ್ರಿ. ದವಾಖಾನಿಯಿಂದ ಬಂದು ತಿಂಗಳಾತು. ನಮ್ಮ ಮನಿಗೆ ಬಾ ಅಂದ್ರ ಒಲ್ಲೆ ಅಂತಾಳ. ಒಬ್ಬಾಕೀನ ಇರತೇನಿ ಅಂತಾಳ. ಜಗಳಾಡಿ ಸಾಕಾತ್ರಿ. ಕಡೀಕ, ಆ ಹುಡುಗಿನ್ನ ಕರಸು, ಆಕಿ ನೋಡಿ ಏನ ಬರೀತಾಳ ಅದಕ್ಕ ಸಹಿ ಹಾಕತೇನಿ ಅಂದಾಳ್ರಿ."

ಅವನದು ತಪ್ಪಿಲ್ಲ. ದೊಡ್ಡವ್ವ ಬಿದ್ದರೆ ಯಾರು ನೋಡಬೇಕು ಎಂಬ ಹೆದರಿಕೆ ಅವನಿಗೆ. ಸಿಸ್ಟರ್‌ಗೋ, ಆ ಎರಡು ಕೋಣೆಯ ಬೀಗದ ಕೈ ಸೊಂಟದಿಂದ ಹೋದರೆ ಜೀವವೇ ಹೋದಂತೆ. ನಡುವೆ ನನ್ನ ಪೆನ್ನು. ಹಳೆಯ ಫಾರ್ಮೊಂದು ಪುಸ್ತಕದ ನಡುವೆ ಉಳಿದಿತ್ತು, ಅದನ್ನೇ ತಗೊಂಡು ಹೊರಟೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಿಲ್ಲ. ಮುನವಳ್ಳಿ ಬರುವಷ್ಟರಲ್ಲಿ ಒಂದು ನಿರ್ಧಾರಕ್ಕೆ ಬಂದಿದ್ದೆ. ನೀರು ಕೇಳುವುದಿಲ್ಲ. ಬಾಯಿಂದ ಕೇಳುತ್ತೇನೆ, ಅವರು ಹೇಳಿದ್ದು ಬರೆಯುತ್ತೇನೆ, ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟು ಬರುತ್ತೇನೆ. ಅವರ ಮನೆಯಲ್ಲಿ ಅವರಿರಲಿ.

ಮೊದಲ ಸಲ ಆ ಮನೆಯ ಹೊಸ್ತಿಲು ತುಳಿದೆ. ಗೋಡೆಗೆ ಬುದ್ಧನ ಪಟ, ಕಪಾಟಿನ ಮೇಲೆ ಹಳೆಯ ಲಸಿಕೆ ಡಬ್ಬಿ, ಕಿಟಕಿಯ ಪಕ್ಕ ಕುರ್ಚಿ. ಸಿಸ್ಟರ್ ಕೂತಿದ್ದರು. ಅವರು ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಬಲಗೈ ತೊಡೆಯ ಮೇಲೆ, ಸೆರಗಿನ ಕೆಳಗೆ. ಮಾತು ಸ್ವಲ್ಪ ಎಳೆಯುತ್ತಿತ್ತು, ಗತ್ತು ಕಡಿಮೆಯಾಗಿರಲಿಲ್ಲ. "ನೀ ಪ್ಯಾಟಿಗೆ ಹೋಗಿ ಒಂದ ಚಾ ಕುಡದ ಬಾರಪಾ" ಎಂದು ತಂಗಿಯ ಮಗನನ್ನು ಹೊರಗೆ ಕಳಿಸಿದರು. "ಹೂಂ, ಕೇಳು" ಎಂದರು ನನಗೆ.

"ಜಳಕರೀ?"

"ನಾನ."

"ಸೀರಿ ಉಡೋದು?"

"ನಾನ. ಎರಡ ಹಾಕು."

ನಿರಿಗೆ ಒಂದರ ಮೇಲೊಂದು ಕೂತಿರಲಿಲ್ಲ, ಮುದ್ದೆ ಮಾಡಿ ಸಿಕ್ಕಿಸಿದ್ದರು. ಕುಪ್ಪಸದ ಗುಂಡಿ ಒಂದು ಮೇಲೆ ಒಂದು ಕೆಳಗೆ. ಕಣ್ಣು ತಿರುಗಿಸಿ ಎರಡು ಹಾಕಿದೆ. ಅಡಿಗೆ, ಗುಳಿಗೆ, ಪೇಟೆ, ಎಲ್ಲಕ್ಕೂ ಎರಡು. ಹತ್ತು ಸಾಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಫಾರ್ಮು ಮಡಚಿ ಎದ್ದು ನಿಂತೆ. "ಬರ್ತೀನ್ರಿ ಸಿಸ್ಟರ್. ಬಸ್ಸಿನ ಹೊತ್ತಾತು."

"ಮುಗೀತೇನ?"

"ಮುಗೀತ್ರಿ."

"ನೀರ ಕೇಳಲಿಲ್ಲಲ್ಲ ನೀ."

"ಬಾಯಾರಿಲ್ರಿ ನನಗ."

ಬೇರೆ ದಿನವಾಗಿದ್ದರೆ ಉಗುರಿನ ಸದ್ದು ಕೇಳಬೇಕಿತ್ತು. ಸೆರಗಿನ ಕೆಳಗೆ ಏನೋ ಅಲುಗಿತು, ಸದ್ದು ಬರಲಿಲ್ಲ.

"ಈ ಮನಿಗೆ ಬಂದು ನೀರ ಕೇಳದ ಎದ್ದ ಹೋದಾವ್ರು ಭಾಳ ಮಂದಿ ಅದಾರ ತಂಗಿ. ಸರ್ವೇಕ್ಕ ಬಂದಾವ್ರು, ಓಟ ಕೇಳಾಕ ಬಂದಾವ್ರು. ಬಾಯಾರಿಲ್ಲ ಅಂತ ಎಲ್ಲಾರೂ ಅಂದಾವ್ರ. ಅವರ ಹೆಸರು ನಾ ಮರ್ತ ಬಿಟ್ಟೇನಿ. ನಿಂದ ಮರಿಯಾಕ ಆಗೂದಿಲ್ಲ."

ಅಯ್ಯೋ, ಅದಕ್ಕಲ್ಲ! ಅವರನ್ನು ಉಳಿಸಲೆಂದು ನಾನು ಹೂಡಿದ ಆಟ ಅವರ ಮನೆಯಲ್ಲಿ ಹೀಗೆ ಕಾಣಬಹುದೆಂದು ಹೊಳೆದೇ ಇರಲಿಲ್ಲ. "ಹಂಗಲ್ರಿ ಸಿಸ್ಟರ್. ನೀರು ಕೇಳಿದ್ರ ನೋಡಬೇಕಾಗ್ತದ. ನೋಡಿದ್ರ ಬರೀಬೇಕಾಗ್ತದ. ಬರದ್ರ ನೀವು ಈ ಮನಿ ಬಿಡಬೇಕಾಗ್ತದ" ಎಂದು ಅತ್ತೇಬಿಟ್ಟೆ. ಬಸ್ಸಿನಲ್ಲಿ ಅಂದು ನುಂಗಿದ್ದ ಮಾತೂ ಅದರ ಜೊತೆಗೇ ಬಂತು. "ಅವತ್ತ ನಮ್ಮ ಮನ್ಯಾಗ ನಾ ಸುಮ್ಮನ ನಿಂತೆ. ತಪ್ಪಾತ್ರಿ."

"ಅದು ಗೊತ್ತೈತಿ ಬಿಡು" ಎಂದರು, ಅಷ್ಟೇ. ಆಮೇಲೆ ಹಳೆಯ ದನಿಯಲ್ಲಿ: "ಸುಳ್ಳ ಎರಡ ಬರದ ಹೋಗತೀ. ನಾಳಿ ನಾ ಬಚ್ಚಲದಾಗ ಬಿದ್ದ ಸಾಯತೇನಿ. ನೀ ಜನ್ಮಾನೂ ಕುಂತಲ್ಲಿ ಕುಂದರಾಕ ಆಗದ ತಿರಗತೀ. ಮೊದಲ ನಿನ್ನ ಕಾಲಾಗ ಚಕ್ರ. ನಾ ಕಲಿಸಿದ್ದ ಏನು? ಕೇಳು."

ಕಣ್ಣೊರೆಸಿಕೊಂಡು ಕೂತೆ. ಫಾರ್ಮು ಬಿಚ್ಚಿದೆ. "ಸಿಸ್ಟರ್, ನಿಮ್ಮ ಕೈಯಾಗಿಂದ ಒಂದು ತಂಬಿಗಿ ನೀರು ಕೊಡ್ರಿ."

ಅವರು ಎದ್ದರು. ಮೊದಲ ಸಲ ಆಗಲಿಲ್ಲ, ಎರಡನೆಯ ಸಲವೂ ಇಲ್ಲ. ಮೂರನೆಯದಕ್ಕೆ ಎಡಗೈಯಿಂದ ಕಿಟಕಿಯ ಸರಳು ಹಿಡಿದು ಎದ್ದರು. ಬಲಗಾಲು ನೆಲ ಕೆರೆಯುತ್ತ ಹಿಂದೆ ಬಂತು. ಒಳಕೋಣೆಗೆ ಒಂದು ಮೆಟ್ಟಿಲು ಇಳಿಯಬೇಕು. ಅಲ್ಲಿ ನಿಂತುಬಿಟ್ಟರು. ಒಂದು ಲಸಿಕೆಯ ಡಬ್ಬಿ ಹೊತ್ತು ಊರೂರು ಸುತ್ತಿದವರು ಅಂಗೈ ಎತ್ತರದ ಮೆಟ್ಟಿಲಿನ ಮುಂದೆ ಲೆಕ್ಕ ಹಾಕುತ್ತಿದ್ದರು. ಇಳಿದರು. ಎಡಗೈಯಿಂದ ಕೊಡದಲ್ಲಿ ತಂಬಿಗೆ ಅದ್ದಿ, ತುಂಬಿದ್ದನ್ನು ಎತ್ತಲಾರದೆ ಅರ್ಧ ಚೆಲ್ಲಿ, ತಿರುಗಿದರು. ತಂಬಿಗೆ ಹಿಡಿದ ಮೇಲೆ ಗೋಡೆ ಹಿಡಿಯಲು ಕೈಯಿಲ್ಲ. ಮೆಟ್ಟಿಲು ಹತ್ತುವಾಗ ಚೆಲ್ಲಿದ ನೀರಿನ ಮೇಲೆ ಕಾಲು ಜಾರಿತು. ನಾನು ಹಾರಿ ಎದ್ದೆ. "ಕುಂದರು!" ಎಂದು ಗದರಿದರು. ಗೋಡೆಗೆ ಭುಜ ಒತ್ತಿ ನಿಂತು, ಉಸಿರು ಸರಿಮಾಡಿಕೊಂಡು, ಬಂದರು. ಆ ಹತ್ತು ಹೆಜ್ಜೆ ನೋಡುತ್ತ ಕೂರುವುದಕ್ಕಿಂತ ಕಠಿಣವಾದದ್ದನ್ನು ನಾನು ಮತ್ತೆ ಮಾಡಿಲ್ಲ.

ಎರಡೂ ಕೈಯೊಡ್ಡಿ ತಂಬಿಗೆ ತಗೊಂಡೆ. ನಮ್ಮ ಮನೆಯ ರೂಢಿ ಎತ್ತಿ ಹೊಯ್ದುಕೊಂಡು ಕುಡಿಯುವುದು. ಅಂದು ತುಟಿ ಹಚ್ಚಿ ಕುಡಿದೆ, ತಳದ ಹನಿಯವರೆಗೆ. ಸಿಸ್ಟರ್ ಕುರ್ಚಿಗೆ ಕುಸಿದು, ಏದುಸಿರಿನ ನಡುವೆಯೇ ನಕ್ಕರು. "ಎಂಜಲ ಮಾಡಿದೆಲ್ಲ ನನ್ನ ತಂಬಿಗಿ. ತೊಳದ ಇಟ್ಟ ಹೋಗು."

ತೊಳೆದು ಇಟ್ಟೆ. ಬಂದು, ಬರೆದ ಎರಡುಗಳನ್ನು ಒಂದೊಂದಾಗಿ ಹೊಡೆದುಹಾಕಿದೆ. ಜಳಕ ಒಂದು. ಸೀರೆ ಒಂದು. ನಡಿಗೆ ಒಂದು. ಅಡಿಗೆ ಸೊನ್ನೆ. "ಅಡಗಿಗೆ ಒಂದರ ಹಾಕ, ಚಾ ಮಾಡ್ಕೊಂತೇನಿ" ಎಂದು ಜಗಳ ತೆಗೆದರು. ಒಲೆಗೆ ತಾಗಿ ಸುಟ್ಟಿದ್ದ ಅವರ ಸೆರಗಿನ ತುದಿ ತೋರಿಸಿದೆ, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಕೊನೆಯ ಖಾಲಿ ಜಾಗದಲ್ಲಿ, ಫಾರ್ಮು ಕೇಳದಿದ್ದರೂ, ನಾನೇ ಒಂದು ಮಾತು ಸೇರಿಸಿದೆ: "ಒಬ್ಬರೇ ಇರುವಂತಿಲ್ಲ. ಇರುವ ಮನೆಯಲ್ಲಿ ದಿನವೂ ಒಮ್ಮೆ ಇವರ ಕೈಯಿಂದಲೇ ನೀರು ಇಸಕೊಂಡು ಕುಡಿಯಬೇಕು. ಗುಳಿಗೆ ತಪ್ಪಿದರೂ ಇದು ತಪ್ಪಬಾರದು."

ತಂಗಿಯ ಮಗ ಬಂದ. ಓದಿದ. ಮಸಿಯ ಡಬ್ಬಿ ಹುಡುಕತೊಡಗಿದ. "ಮೂವತ್ತ ವರ್ಷ ಊರ ಹೆಂಗಸರಿಗೆ ಸಹಿ ಕಲಿಸೇನಿ, ಈಗ ಹೆಬ್ಬಟ್ಟ ಒತ್ತಲೇನ ನಾ?" ಎಂದು ಅವನ ಮೇಲೆ ಹರಿಹಾಯ್ದು, ಎಡಗೈಯಲ್ಲಿ ಪೆನ್ನು ಹಿಡಿದು, ಒಂದನೆಯ ಇಯತ್ತೆಯ ಮಕ್ಕಳಂತೆ ನಾಲಿಗೆ ಕಚ್ಚಿಕೊಂಡು ಸಹಿ ಮಾಡಿದರು. ಸೊಂಟದಿಂದ ಬೀಗದ ಕೈ ಬಿಚ್ಚಿ ಅವನ ಕೈಗಿಟ್ಟರು. ನಾನು ಬಸ್ಸಿಗೆ ಓಡಿದೆ. ಅಂದಿನಿಂದ ಹಿಡಿದದ್ದು ಈ ಚಡಪಡಿಕೆ.

ರಾಮದುರ್ಗಕ್ಕೆ ಒಂದೇ ಸಲ ಹೋದೆ. ಆ ಮನೆಯ ಸೊಸೆ, ತಂಗಿಯ ಮಗನ ಹೆಂಡತಿ, ಸಂಗೊಳ್ಳಿಯ ಸೊಸೆಯ ಅಕ್ಕನೇ ಇರಬೇಕು ಎನಿಸಿತು. "ಹಿರೇರ ಕಡಿಂದ ನೀರ ತರಿಸಿದ್ರ ನಮಗ ಪಾಪ ಬರೂದಿಲ್ಲೇನ್ರಿ ಮೇಡಮ್ಮರ?" ಎಂದಳು. "ತರಸದಿದ್ರ ಬರ್ತದವಾ" ಎಂದೆ. ಸಿಸ್ಟರ್ ಕಣ್ಣಲ್ಲೇ ನಕ್ಕರು. ಕೂತ ಕುರ್ಚಿಯಿಂದ ಅವರು ಬಾಗಿಲ ಹೊರಗೆ ಹೋಗುವ ಬಸ್ಸುಗಳನ್ನು ನೋಡುತ್ತಿದ್ದರು. ಎಲ್ಲಿಯ ಬಸ್ಸು ಎಂದು ಬೋರ್ಡು ಓದುವ ಮೊದಲೇ ಹೇಳುತ್ತಿದ್ದರು. ಮುನವಳ್ಳಿಯ ಬಸ್ಸು ಬಂದಾಗ ಮಾತ್ರ ಸುಮ್ಮನಿದ್ದರು. ನಾನು ನೋಡಲಾರದೆ ಬೇಗ ಎದ್ದು ಬಂದೆ.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ನಾನು ಹೋಗುವಷ್ಟರಲ್ಲಿ ಬುದ್ಧವಂದನೆ ಮುಗಿದು, ಮಂದಿ ಎದ್ದು ಹೋಗಿದ್ದರು. ಸೊಸೆ ಅಳುತ್ತ ಹೇಳಿದಳು: "ದಿನಾ ಮುಂಜಾನೆ ನಾ ರೊಟ್ಟಿ ಬಡ್ಯಾಕ ಕುಂತಾಗ ಅರ್ಧ ತಂಬಿಗಿ ನೀರ ತಂದ ಕೊಡತಿದ್ರು. ಚೆಲ್ಲಕೋಂತರ ಬರಲಿ, ತರತಿದ್ರು. ನಾಕ ರೊಟ್ಟಿ ಆದ್ವು, ನೀರ ಬರಲಿಲ್ಲ. ಆವಾಗ ಎದ್ದ ಹೋಗಿ ನೋಡೇನ್ರಿ."

ತಂಗಿಯ ಮಗ ಒಳಗಿನಿಂದ ನನ್ನ ಫಾರ್ಮು ತಂದುಕೊಟ್ಟ. ನೀರಿನ ಕೊಡದ ಮೇಲಿನ ಮೊಳೆಗೆ ಸಿಕ್ಕಿಸಿಟ್ಟಿದ್ದರಂತೆ, ತೇವ ಹಿಡಿದು ಮೆತ್ತಗಾಗಿತ್ತು. ಹತ್ತು ಸಾಲು, ನನ್ನ ಹೊಡೆದುಹಾಕಿದ ಎರಡುಗಳು, ಕೆಳಗೆ ಅವರ ಸಹಿ. ಅದರ ಕೆಳಗೆ ಸೀಸದಕಡ್ಡಿಯಲ್ಲಿ, ಎಡಗೈಯ ಸೊಟ್ಟ ಅಕ್ಷರದಲ್ಲಿ, ಅವರು ಹನ್ನೊಂದನೆಯ ಸಾಲು ಸೇರಿಸಿದ್ದರು. "ನೀರು ಕೇಳುವುದು." ಅದರ ಎದುರಿಗೆ ನನ್ನ ಹೆಸರು. ಹೆಸರಿನ ಮುಂದೆ ಅಂಕ: ಒಂದು.

ಸರಿಯಾಗಿಯೇ ಹಾಕಿದ್ದರು. ಹೇಳಿಕೊಟ್ಟ ಮೇಲೆ ಮಾಡಿದವರಿಗೆ ಒಂದೇ. ಕೊಡದ ಹತ್ತಿರ ನಿಂತಿದ್ದ ಸೊಸೆಗೆ, ಯಾರೂ ಹೇಳದೆ, "ನಿನ್ನ ಕೈಯಿಂದ ಒಂದು ತಂಬಿಗಿ ನೀರು ಕೊಡವಾ" ಎಂದೆ. ಕುಡಿದೆ. ಎರಡು ಹಾಕಲು ಅವರಿರಲಿಲ್ಲ.